ಅಕ್ಕ ಪಳಗಿಸಿದ ಚಪ್ಪಲಿ

ಕೊಲ್ಹಾಪುರಿ ಚಪ್ಪಲಿ ಹೊಸದಿದ್ದಾಗ ಕಚ್ಚುತ್ತದೆ. ಇದು ನಿಮಗೂ ಗೊತ್ತಿರಬಹುದು. ಆದರೆ ಅದು ಯಾರ ಕಾಲನ್ನು ಕಚ್ಚಬೇಕು ಎನ್ನುವುದನ್ನು ನಮ್ಮ ಮನೆಯಲ್ಲಿ ಮೊದಲೇ ಗೊತ್ತು ಮಾಡಿಬಿಡುತ್ತಿದ್ದರು. ಅಪ್ಪ ಹೊಸ ಚಪ್ಪಲಿ ತಂದರೆ ಅಂದೇ ಮೆಟ್ಟುತ್ತಿರಲಿಲ್ಲ. ಔಡಲ ಎಣ್ಣೆ ಸವರಿ, ಹಸಿ ಬಟ್ಟೆಯಲ್ಲಿ ಸುತ್ತಿ ಒಂದು ದಿನ ಇಟ್ಟು, ಆಮೇಲೆ ಮನೆಯಲ್ಲಿ ಯಾರ ಕಾಲು ಗಟ್ಟಿಯೋ ಅವರಿಗೆ ಕೊಡುವುದು. ಅವರು ಹದಿನೈದು ದಿನ ಅದರೊಳಗೆ ಓಡಾಡಿ, ಹಿಮ್ಮಡಿ ಸುಲಿಸಿಕೊಂಡು, ಚಪ್ಪಲಿಯ ಕಚ್ಚುವ ಚಟ ಬಿಡಿಸಿ ಅಪ್ಪನಿಗೆ ಒಪ್ಪಿಸಬೇಕು. ಇದಕ್ಕೆ ಪಳಗಿಸುವುದು ಎಂದೇ ಹೆಸರು, ಹೋರಿಯನ್ನು ನೊಗಕ್ಕೆ ಪಳಗಿಸಿದ ಹಾಗೆ.

ನಮ್ಮ ಮನೆಯ ಗಟ್ಟಿ ಕಾಲು ಎಂದರೆ ಶಾಂತಕ್ಕನದು.

ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಪಾದ ಮಾತ್ರ ಅಪ್ಪನಷ್ಟು. ಅವ್ವನಿಗೆ ಇದೊಂದು ದೊಡ್ಡ ಚಿಂತೆಯಾಗಿತ್ತು. ಗಡಹಿಂಗ್ಲಜದವರು ಹೆಣ್ಣು ನೋಡಲು ಬಂದ ದಿನ ಅವ್ವ ಒಳಗೆ ನಿಂತು, "ಸೀರಿ ಇನ್ನಷ್ಟ ಕೆಳಗ ಬಿಡ, ಕಾಲ ಕಾಣಾಕತ್ತಾವ" ಎಂದು ಗೋಡೆಗೂ ಕೇಳದ ಹಾಗೆ ಹೇಳುತ್ತಿದ್ದಳು. ಅಕ್ಕ ಆ ಸೀರೆಯನ್ನೇ ತುಳಿದು ಚಹಾದ ತಟ್ಟೆಯ ಸಮೇತ ಮುಗ್ಗರಿಸಿದಳು. ಅಕ್ಕನ ಗಂಡ, ನಮ್ಮ ಮಾವ, ಇವತ್ತಿಗೂ ಹೇಳುತ್ತಾರೆ: "ನಾ ಮಾರಿ ನೋಡಿದ್ದ ಮದವಿ ಆದ ಮ್ಯಾಲ. ಅವತ್ತ ಬರೇ ಕಾಲ ನೋಡಿದೆ. ಇಂಥಾ ಕಾಲ ಹೊಲಕ್ಕ ಛಲೋ ಅಂತ ಹೂಂ ಅಂದೆ." ಅಕ್ಕ ಅದಕ್ಕೆ, "ನಿಮ್ಮ ಕಾಲ ನೋಡಿದ್ರ ನಾ ಒಲ್ಲೆ ಅಂತಿದ್ದೆ" ಎಂದು ಮುಖ ತಿರುಗಿಸುತ್ತಾಳೆ. ಇಬ್ಬರಿಗೂ ಈ ಮಾತು ಬೇಸರ ಬಂದದ್ದನ್ನು ನಾನು ನೋಡಿಲ್ಲ.

ಈ ಶಿವರಾತ್ರಿ ಮುಗಿದ ವಾರ, ಒಂದು ಸಂಜೆ, ನಾನು ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನನ್ನ ತಲೆಯಲ್ಲಿ ಇದ್ದದ್ದು ಆ ಕಾಲುಗಳೇ. ಮರುದಿನ ಬೆಳಿಗ್ಗೆ ಅಲ್ಲಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದಿತ್ತು. ಯುಗಾದಿಗೆ ಮಲ್ಲಯ್ಯನ ಬಾಗಿಲು ಮುಟ್ಟಬೇಕು. ನಾನು ನಡೆಯಲು ಬಂದಿದ್ದೆ. ನಡೆಯುವ ಮೊದಲು ಅಕ್ಕನಿಗೆ ಒಂದು ಮಾತು ಹೇಳಬೇಕಾಗಿತ್ತು. ಹನ್ನೊಂದು ವರ್ಷದಿಂದ ಹೇಳದೆ ಇಟ್ಟುಕೊಂಡ ಮಾತು. ನಡೆಯುವುದಕ್ಕೆ ಇಪ್ಪತ್ತು ಚಿಲ್ಲರೆ ದಿನಗಳಿದ್ದವು. ಹೇಳುವುದಕ್ಕೆ ಆ ಸಂಜೆ ಒಂದೇ.

ಹೇಳುವುದನ್ನು ಮುಂದೂಡಲು ನಾನು ಎಷ್ಟು ದೂರ ಸುತ್ತುತ್ತೇನೆ ನೋಡಿ. ನನ್ನೂರಾದ ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ ಬರುವವನು ಕೊಲ್ಹಾಪುರಕ್ಕೆ ಹೋಗಬೇಕಾದ ಕೆಲಸವೇ ಇಲ್ಲ. ನಾನು ಹೋದೆ. ಯಾತ್ರೆಯವರ ದಾಸೋಹಕ್ಕೆ ಒಂದು ಪೆಂಟಿ, ಎಂದರೆ ದೊಡ್ಡ ಅಚ್ಚು, ಬೆಲ್ಲ ಒಯ್ಯಬೇಕು, ಅದು ಕೊಲ್ಹಾಪುರದ ಪೇಟೆಯದೇ ಆಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇಚಲಕರಂಜಿಯಲ್ಲಿ ನಮ್ಮ ಗಲ್ಲಿಯ ಅಂಗಡಿಯಲ್ಲೂ ಅದೇ ಬೆಲ್ಲ ಸಿಗುತ್ತದೆ. ಪೆಂಟಿಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಕೂಡಿಸಿಕೊಂಡು ಕೆಂಪು ಬಸ್ಸು ಹತ್ತಿದೆ. ಕಂಡಕ್ಟರ್ ಮರಾಠಿಯಲ್ಲಿ, "ಹ್ಯಾಚಂ ಅರ್ಧಂ ತಿಕೀಟ ಕಾಢೂ ಕಾ?" ಎಂದ, ಇದಕ್ಕೆ ಅರ್ಧ ಟಿಕೆಟ್ ತೆಗೆಯಲೇ ಎಂದು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಬೆಲ್ಲ ಮಾತ್ರ ಬೆವರಿತು, ಧೋತರಕ್ಕೆಲ್ಲ ಅಂಟಿತು.

ನಿಪ್ಪಾಣಿ ದಾಟಿ, ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದಾಗ ಬಿಸಿಲು ಹಳದಿಯಾಗಿತ್ತು. ಎರಡೂ ಕಡೆ ಕಬ್ಬು. ನಾಳೆ ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ನಡೆದು ಬರಬೇಕು ಎಂದುಕೊಂಡೆ. ಬಸ್ಸಿನಲ್ಲಿ ಕೂತವನಿಗೆ ದಾರಿ ಎಷ್ಟು ಸಣ್ಣದಾಗಿ ಕಾಣುತ್ತದೆ! ಅದನ್ನು ನನಗಿಂತ ಚೆನ್ನಾಗಿ ಬಲ್ಲವನು ಇಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಈ ದಿನಗಳಲ್ಲಿ ಗಡಹಿಂಗ್ಲಜಕ್ಕೆ ಬಂದವನನ್ನು ಊರು ಮೊದಲು ಸೀನಿಸುತ್ತದೆ. ಮೆಣಸಿನಕಾಯಿಯ ಕಾಲ. ಪೇಟೆಯಲ್ಲಿ ಚೀಲಗಳು ಬಿಚ್ಚಿ, ಕೆಂಪು ರಾಶಿಗಳು ಬಿದ್ದು, ಗಾಳಿಯಲ್ಲೇ ಖಾರ ತೇಲುತ್ತಿರುತ್ತದೆ. ನಾನು ಇಳಿದು ಮೂರು ಸಲ ಸೀನಿದೆ. ಪಕ್ಕದಲ್ಲಿ ಹಾಸಿಗೆಯ ಸುರುಳಿ ಹೊತ್ತು ಇಳಿದ ಮುದುಕಿ, "ಯಾತ್ರಾಕ್ಕ ಬಂದೀಯೇನೋ ತಮ್ಮಾ? ಮೂರ ಸೀನು, ಛಲೋ ಆತು ತಗೋ" ಎಂದಳು. ಮೂರು ಸೀನಿಗೆ ಏನು ಫಲವೋ ನನಗೆ ತಿಳಿಯದು. ಆ ಹೊತ್ತಿಗೆ ಯಾರಾದರೂ ಛಲೋ ಎಂದರೆ ಸಾಕಾಗಿತ್ತು.

ಮಠದ ಮುಂದೆ ಆಗಲೇ ಜನ ಸೇರಿದ್ದರು. ಕಂಬಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಕಂಬಿ ಎಂದರೆ ಬಟ್ಟೆ ಸುತ್ತಿ ಗೆಜ್ಜೆ ಕಟ್ಟಿದ ಬಿದಿರಿನ ಅಡ್ಡೆ. ಮಲ್ಲಯ್ಯನ ಹೆಸರಿನಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಮುಂದೆ ನಡೆಯುತ್ತಾರೆ, ಉಳಿದವರು ಹಿಂದೆ. ನಮ್ಮ ಕಂಬಿ ಹೊರುವವರು ಈರಪ್ಪಜ್ಜ. ಎಪ್ಪತ್ತು ದಾಟಿದೆ, ಆದರೂ ಅವರ ಹಿಂದೆ ನಡೆಯುವವರು ಓಡಬೇಕು. ನನ್ನನ್ನು ಕಂಡವರೇ ಕೈ ಎತ್ತಿ ಕೂಗಿದರು: "ಬಂದ ನೋಡ್ರಿ ಬಸು! ಶಾಂತವ್ವನ ತಮ್ಮ. ಹನ್ನೊಂದ ವರ್ಷದ ಹಿಂದ ಕಾಲಿಗೆ ಒಂದ ಬೊಕ್ಕಿ ಇಲ್ಲದ ಶ್ರೀಶೈಲ ಮುಟ್ಟಿದ ಗಂಡಸು!"

ಹತ್ತು ಜನ ತಿರುಗಿ ನನ್ನ ಕಾಲನ್ನು ನೋಡಿದರು. ನಾನು ಬೆಲ್ಲದ ಪೆಂಟಿಯನ್ನು ಅಡ್ಡ ಹಿಡಿದುಕೊಂಡೆ.

ಅವರ ಹಿಂದೆ ಸಾಮಾನಿನ ಟೆಂಪೋ ನಿಂತಿತ್ತು. ಹಾಸಿಗೆ, ಪಾತ್ರೆ, ಹಿಟ್ಟಿನ ಚೀಲ ಹೇರುತ್ತಿದ್ದರು. ಅದು ಹನ್ನೊಂದು ವರ್ಷದ ಹಿಂದಿನದಲ್ಲ, ಬೇರೆ ಟೆಂಪೋ, ಬೇರೆ ಬಣ್ಣದ್ದು. ಆದರೂ ಪರಿಚಯದ ಮನುಷ್ಯ ಎದುರಾದ ಹಾಗೆ ನಾನು ಮುಖ ತಪ್ಪಿಸಿದೆ.

ಇನ್ನು ಹೇಳಿಯೇ ಬಿಡುತ್ತೇನೆ.

ನಾನು ಇಚಲಕರಂಜಿಯಲ್ಲಿ ಜಾಬರ್. ಎಂದರೆ ಕೆಟ್ಟ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುವವನು. ಹುಟ್ಟಿದ್ದೇ ಮಗ್ಗದ ಸಪ್ಪಳದಲ್ಲಿ. ಸಣ್ಣವನಿದ್ದಾಗ ಕರೆಂಟು ಹೋಗಿ ಮಗ್ಗಗಳು ನಿಂತರೆ ಗಲ್ಲಿಯ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು, ಅಷ್ಟು ರೂಢಿ. ಶಾಲೆ ಮರಾಠಿಯದು, ನಾಲ್ಕನೆಯ ಇಯತ್ತೆಗೆ ಮುಗಿಯಿತು. ಈ ಕನ್ನಡ ಅಕ್ಷರ ಕಲಿಸಿದ್ದು ಅಕ್ಕ. ಅವಳು ಅಜ್ಜಿಯ ಊರಿನಲ್ಲಿದ್ದು ಏಳನೆಯವರೆಗೆ ಕನ್ನಡ ಶಾಲೆ ಕಲಿತಿದ್ದಳು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು, ನಾನು ತಪ್ಪಿದರೆ ಅಕ್ಷರವನ್ನು ಕಾಲಿನಿಂದ ಒರೆಸುತ್ತಿದ್ದಳು. ಅಷ್ಟು ದೊಡ್ಡ ಪಾದ, ಒಂದೇ ಸಲಕ್ಕೆ ಇಡೀ ಸಾಲು ಹೋಗುತ್ತಿತ್ತು. ಸಂಜೆ ನಾನು ಗಟಾರದಲ್ಲೆಲ್ಲ ಆಡಿ ಬಂದಾಗ ಹೊಸ್ತಿಲಲ್ಲೇ ನಿಲ್ಲಿಸಿ ಕಾಲು ತೊಳೆಯುತ್ತಿದ್ದವಳೂ ಅವಳೇ. "ಹಂದಿ ಕಾಲ, ಹಂದಿ ಕಾಲ" ಎಂದು ಬೈಯುತ್ತ, ಬೆರಳ ಸಂದಿಯಲ್ಲಿ ಬೆರಳಿಟ್ಟು ತಿಕ್ಕುತ್ತಿದ್ದಳು. ಕಚಗುಳಿಯಿಟ್ಟ ಹಾಗೆ ಆಗುತ್ತಿತ್ತು. ನಾನು ಬೇಕೆಂದೇ ಕೆಸರು ತುಳಿದು ಬರುತ್ತಿದ್ದೆ.

ನನಗೆ ಮೂವತ್ತು ದಾಟಿದಾಗ ಒಂದು ದಿನ ಬಲಗೈ ಮಗ್ಗ ತಿರುಗಿಸುವ ಪಟ್ಟಾಕ್ಕೆ ಸಿಕ್ಕಿತು. ಕೈ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದರು. ಅಕ್ಕ ಗಡಹಿಂಗ್ಲಜದಿಂದ ಓಡಿ ಬಂದಳು. ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ಮಲ್ಲಯ್ಯಾ, ಇಂವನ ಕೈ ಉಳಿಸು, ನಿನ್ನ ಬಾಗಲಕ್ಕ ಇಂವನ್ನ ನಡಸಿ ಕಳಸ್ತೇನಿ" ಎಂದು ಹರಕೆ ಹೊತ್ತಳು. ಗಮನಿಸಿ, ಹರಕೆ ಹೊತ್ತವಳು ಅವಳು, ನಡೆಯಬೇಕಾದವನು ನಾನು. ಆಗ ನನಗೆ ಪ್ರಜ್ಞೆ ಇರಲಿಲ್ಲ, ಇದ್ದಿದ್ದರೆ ಇಲ್ಲೇ ಹತ್ತಿರದ ಎಡೂರವರೆಗೆ ಸಾಕು ಎಂದು ಚೌಕಾಸಿ ಮಾಡುತ್ತಿದ್ದೆ. ಕೈ ಉಳಿಯಿತು. ಕಿರುಬೆರಳು ಮಾತ್ರ ಸೊಟ್ಟಾಯಿತು, ಈಗ ಬರೆಯುವಾಗಲೂ ಹಾಳೆಗೆ ತಾಗದೆ ಎತ್ತಿಕೊಂಡೇ ಇರುತ್ತದೆ.

ಮರುವರ್ಷದ ಯಾತ್ರೆಗೆ ಅಕ್ಕ ಕೊಲ್ಹಾಪುರದಿಂದ ಗಟ್ಟಿ ಜೋಡು ಒಂದನ್ನು ಮಾಡಿಸಿ ತರಿಸಿದಳು. ಬರಿಗಾಲಲ್ಲಿ ನಡೆಯುವವರೂ ಇದ್ದಾರೆ. ನಾನು ಅಂಥವನಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಆ ಹೊತ್ತಿಗೆ ನನ್ನ ಕಾಲೂ ಅವಳ ಕಾಲೂ ಒಂದೇ ಅಳತೆ. ಒಂದು ತಿಂಗಳು ಅವಳೇ ಅದನ್ನು ಮೆಟ್ಟಿದಳು. ಪೇಟೆಗೆ, ಹೊಲಕ್ಕೆ, ನೀರಿಗೆ, ಬೀಗರ ಮನೆಗೆ. ಸೀರೆಯ ಕೆಳಗೆ ಗಂಡಸರ ಚಪ್ಪಲಿ ಕರಕರ ಎನ್ನುತ್ತಿದ್ದರೆ ಹೆಂಗಸರು, "ಶಾಂತವ್ವಾ, ಪೈಲವಾನ ಬಂದಂಗ ಆತು" ಎಂದು ನಗುತ್ತಿದ್ದರಂತೆ. ಹಿಮ್ಮಡಿ ಎರಡೂ ಸುಲಿದು ಹುಣ್ಣಾಗಿ ಮಾಯ್ದ ಮೇಲೆ ಚಪ್ಪಲಿ ನನ್ನ ಕೈಗೆ ಬಂತು. ನಾನು ಕಾಲಿಟ್ಟರೆ ಬೆಣ್ಣೆ.

ಹಾಗಾಗಿ ನನಗೆ ಬೊಕ್ಕೆ ಏಳಲಿಲ್ಲ. ಅದು ಅಷ್ಟೇ ಇದ್ದಿದ್ದರೆ ಮಲ್ಲಯ್ಯನ ಜೊತೆ ಅಕ್ಕನ ಹೆಸರನ್ನೂ ಹೇಳಿ ಸುಮ್ಮನಿರಬಹುದಿತ್ತು. ಆದರೆ ಹುನಗುಂದದಲ್ಲಿ ಒಂದು ಬೆಳಿಗ್ಗೆ ಟೆಂಪೋದ ಜೊತೆ ಇರುತ್ತಿದ್ದ ಅಡುಗೆಯವನಿಗೆ ಜ್ವರ ಬಂತು. ಹಾಲಿನ ಕ್ಯಾನು ಹಿಡಿದು ಕೂಡಲು ಒಬ್ಬರು ಬೇಕು, ಮುಂದಿನ ಹಳ್ಳಿಯವರೆಗೆ ಮಾತ್ರ ಎಂದರು. ನಾನು ಹತ್ತಿದೆ. ಮುಂದಿನ ಹಳ್ಳಿ ಬಂತು, ಅಲ್ಲಿಯವರು ಹಾಲು ಇಳಿಸಿಕೊಂಡರು, ನಾನು ಇಳಿಯಲಿಲ್ಲ. ಕಾಲು ನೋಯುತ್ತಿತ್ತೇ? ಇಲ್ಲ. ಬಿಸಿಲು ಬಹಳವೇ? ಎಲ್ಲರಿಗೂ ಇದ್ದಷ್ಟೇ. ಬೇಸರವಾಗಿತ್ತು, ಅಷ್ಟೆ. ಹಾಸಿಗೆಯ ಸುರುಳಿಗಳ ನಡುವೆ ತಣ್ಣಗೆ ಮಲಗಿದೆ. ಮಲ್ಲಯ್ಯನ ಭಕ್ತರ ತಲೆದಿಂಬುಗಳ ಮೇಲೆ ನನಗೆ ಬಂದಂಥ ನಿದ್ದೆ ಮತ್ತೆಂದೂ ಬಂದಿಲ್ಲ.

ಸಂಜೆ ಉಳಿದವರು ಧೂಳಿನಲ್ಲಿ ಕಾಲೆಳೆಯುತ್ತ ಬಂದರು. ನಾನು ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದೆ. ಯಾರೋ, "ಏ, ಬಸು ನಮಗಿಂತ ಮೊದಲ ಬಂದಾನಲ್ರಿ! ಹುಲಿ!" ಎಂದರು. ಆಗ ನಾನು ಒಂದು ಮುಗುಳ್ನಗೆ ನಕ್ಕೆ. ಟೆಂಪೋ ಹತ್ತಿದ್ದು ತಪ್ಪಲ್ಲ, ಇಳಿಯದಿದ್ದದ್ದು ಸಣ್ಣ ತಪ್ಪು. ಆ ಮುಗುಳ್ನಗೆ ದೊಡ್ಡದು. ಮರುದಿನವೂ ಹಾಗೇ ಹೋದೆ. ಲಿಂಗಸೂಗೂರಿನಲ್ಲಿ ಅಡುಗೆಯವನ ಜ್ವರ ಇಳಿಯಿತು, ನಾನೂ ಇಳಿದೆ. ಹುನಗುಂದದಿಂದ ಲಿಂಗಸೂಗೂರು. ಅದೊಂದು ತುಂಡು ಬಿಟ್ಟು ಉಳಿದದ್ದೆಲ್ಲ ನಡೆದೆ.

ಯಾತ್ರೆ ಮುಗಿಸಿ ಬಸ್ಸಿನಲ್ಲಿ ಊರಿಗೆ ಬಂದವರ ಕಾಲು ತೊಳೆಯುವುದು ನಮ್ಮಲ್ಲಿ ಪದ್ಧತಿ. ಅಕ್ಕ ಹೊಸ್ತಿಲಲ್ಲಿ ಹಿತ್ತಾಳೆಯ ತಟ್ಟೆ ಇಟ್ಟು, ಬಿಸಿನೀರು ಹಿಡಿದು ಕಾದಿದ್ದಳು. ಅದೇ ಕೈ. ಅದೇ ಬೆರಳ ಸಂದಿ. ಬೈಗುಳ ಮಾತ್ರ ಇರಲಿಲ್ಲ. ತೊಳೆದು ವಿಭೂತಿ ಹಚ್ಚಿ, ತಲೆ ಬಾಗಿಸಿ ಪಾದಕ್ಕೆ ಮುಟ್ಟಿಸಿದಳು. "ಅಕ್ಕಾ, ಬ್ಯಾಡ, ನಾ ಸಣ್ಣಾವ ಅದೇನಿ" ಎಂದೆ.

"ನಾ ನಿನ್ನ ಕಾಲ ತೊಳ್ಯಾಕತ್ತಿಲ್ಲೋ, ಹಾದಿ ತೊಳ್ಯಾಕತ್ತೇನಿ" ಎಂದಳು. ತಟ್ಟೆಯ ನೀರನ್ನು ಅಂಗೈಯಲ್ಲಿ ತೆಗೆದು ಕಣ್ಣಿಗೊತ್ತಿಕೊಂಡು ಕುಡಿದಳು. ಆಮೇಲೆ ನನ್ನ ಪಾದವನ್ನು ತಿರುಗಿಸಿ ತಿರುಗಿಸಿ ನೋಡಿ, ಓಣಿಯವರನ್ನೆಲ್ಲ ಕರೆದಳು: "ನೋಡ ಬರ್ರಿ, ಒಂದ ಬೊಕ್ಕಿ ಇಲ್ಲ! ಮಲ್ಲಯ್ಯ ಹೆಗಲ ಮ್ಯಾಲ ಹೊತಗೊಂಡ ಹೋಗ್ಯಾನ ನನ್ನ ತಮ್ಮನ್ನ!"

ಹೊತ್ತದ್ದು ನಿಜ. ನಾಲ್ಕು ಗಾಲಿಯ ಮಲ್ಲಯ್ಯ.

ಆ ದಿನ ಹೇಳಬೇಕಾಗಿತ್ತು. ಆಮೇಲೆ ಪ್ರತಿ ವರ್ಷವೂ ಹೇಳಬೇಕಾಗಿತ್ತು. ಅಕ್ಕ ಆ ಚಪ್ಪಲಿಯನ್ನು ನನಗೆ ಮರಳಿ ಕೊಡಲೇ ಇಲ್ಲ. ಶ್ರೀಶೈಲ ತುಳಿದು ಬಂದದ್ದು ಎಂದು ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಅಟ್ಟೆ ನೋಡಿ ಅವಳಿಗೆ ಗೊತ್ತಾದೀತು ಎಂದು ಮೊದಮೊದಲು ಹೆದರಿದೆ. ಆದರೆ ಕೊಲ್ಹಾಪುರಿಯ ಅಟ್ಟೆ ದಪ್ಪ, ಎರಡು ದಿನದ ಹಾದಿ ತಪ್ಪಿದ್ದನ್ನು ಅದು ಬಿಟ್ಟುಕೊಡಲಿಲ್ಲ. ಯಾರಾದರೂ ಯಾತ್ರೆಗೆ ಹೊರಟು ಹೆದರಿದರೆ ಅಕ್ಕ ನನ್ನ ಕಾಲಿನ ಕಥೆ ಹೇಳಿ ಧೈರ್ಯ ತುಂಬುತ್ತಿದ್ದಳು. ಅದನ್ನು ಕೇಳಿಯೇ ಹೊರಟವರು ಎಷ್ಟು ಜನವೋ! ಒಂದು ಸಲ ಫೋನಿನಲ್ಲಿ ಧೈರ್ಯ ಮಾಡಿ, "ಅಕ್ಕಾ, ಆ ಶ್ರೀಶೈಲದ್ದ ಒಂದ ಮಾತ..." ಎಂದೆ. "ಈಗ ಹಾಲ ಉಕ್ಕಾಕತ್ತೈತಿ, ಇಡು" ಎಂದಳು. ಆ ಹಾಲಿಗೆ ನಾನು ಎಷ್ಟು ಋಣಿಯಾದೆ ಎಂದರೆ ಮತ್ತೆ ಆ ಮಾತು ಎತ್ತಲಿಲ್ಲ.

ಈ ವರ್ಷ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಅಕ್ಕನಿಗೆ ತಾನೇ ಒಮ್ಮೆ ನಡೆಯಬೇಕೆಂಬ ಆಸೆ ಬಹಳ ವರ್ಷದಿಂದ ಇತ್ತು. ಮಕ್ಕಳ ಮದುವೆ, ಹೊಲ, ಮಾವನ ಆಪರೇಷನ್ ಎಂದು ದೂಡುತ್ತ ಬಂದಿದ್ದಳು. ಈಗ ಎಲ್ಲ ಮುಗಿದು ಬಿಡುವಾಯಿತು, ಮೊಣಕಾಲು ಹೋಯಿತು. ಡಾಕ್ಟರು ಮೆಟ್ಟಿಲು ಸಹ ಹತ್ತಬೇಡಿ ಎಂದರು. ಫೋನು ಮಾಡಿದಳು: "ಬಸು, ನನ್ನ ಪರವಾಗಿ ನೀ ನಡಿ. ಮತ್ತ್ಯಾರಿಗೂ ಹೇಳಂಗಿಲ್ಲ ನಾ. ನಿನ್ನ ಕಾಲ ಮಲ್ಲಯ್ಯ ಕಾಯ್ದಾನ." ಅಕ್ಕನ ಒಂದೇ ಆಸೆ, ಅದನ್ನು ನನ್ನ ಸುಳ್ಳಿನ ಮೇಲೆ ಇಟ್ಟು ಕಳಿಸುತ್ತಿದ್ದಳು. ಸರಿ ಎಂದೆ. ಹೇಳದೆ ನಡೆಯಬಾರದು ಎಂದೂ ಅಂದುಕೊಂಡೆ.

ಬೆಲ್ಲವನ್ನು ಮಠದಲ್ಲಿ ಕೊಟ್ಟು ಅಕ್ಕನ ಮನೆಗೆ ಹೋದೆ. ಮಾವ ಮಠದ ಅಡುಗೆಗೆ ಹೋಗಿದ್ದರು. ಅಕ್ಕ ಒಬ್ಬಳೇ ಸ್ಟೂಲಿನ ಮೇಲೆ ಕೂತು, ಎದುರಿನ ಮೇಜಿನ ಮೇಲೆ ನನ್ನ ಬುತ್ತಿಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಕೆಳಗೆ ಕೂಡಲು ಈಗ ಆಗುವುದಿಲ್ಲ. ಪಕ್ಕದಲ್ಲಿ ಸ್ಟೌವ್, ಡಬ್ಬಿಯಲ್ಲಿ ನಂಜಿಕೊಳ್ಳಲು ಶೇಂಗಾ ಹಿಂಡಿ. ಬಾಗಿಲ ಹತ್ತಿರ ಚಪ್ಪಲಿ ಜೋಡು ಎಣ್ಣೆಯಿಂದ ಮಿಂಚುತ್ತಿತ್ತು.

"ಬಾ ಹುಲಿ. ಎಷ್ಟ ಹೊತ್ತಿಗೆ ಇಳದಿ?"

"ಆತು ಈಗ ಒಂದ ತಾಸು."

"ಒಂದ ತಾಸು ಎಲ್ಲಿದ್ದಿ? ಬಸ್ ಸ್ಟ್ಯಾಂಡಿಂದ ಇಲ್ಲಿತನಾ ಒಂದ ತಾಸು ನಡದ್ರ ಶ್ರೀಶೈಲಕ್ಕ ಮುಂದಿನ ಯುಗಾದಿಗೆ ಹೋಗ್ತಿ."

ನಗಲಾಗಲಿಲ್ಲ. ಅವಳು ಚಪ್ಪಲಿಯ ಕಡೆ ಹಿಟ್ಟಿನ ಕೈ ತೋರಿಸಿದಳು. "ಹಾಕ್ಕೊಂಡ ನೋಡು. ಭಾಳ ವರ್ಷ ಇಟ್ಟಿದ್ದಕ್ಕ ಸೆಟದ ಕೂತಿತ್ತು. ಹದಿನೈದ ದಿನಾ ಹಾಕ್ಕೊಂಡ ಅಂಗಳದಾಗ ಅಡ್ಡಾಡೇನಿ. ಈಗ ಕಚ್ಚಂಗಿಲ್ಲ."

"ಈ ಮಣಕಾಲಾಗ?"

"ಗ್ವಾಡಿ ಹಿಡಕೊಂಡ ಅಡ್ಡಾಡಿದೆ. ಅದಕ್ಯಾಕ ಅಷ್ಟ ಮಾರಿ ಮಾಡ್ತಿ?"

ಬಾಗಿಲಾಚೆ ಅಂಗಳದ ಗೋಡೆಯ ಮೇಲೆ ಸುಣ್ಣ ಒಂದು ಎತ್ತರದಲ್ಲಿ ಉದ್ದಕ್ಕೂ ಒರೆಸಿಹೋಗಿತ್ತು. ಅವಳ ಕೈ ಹಿಡಿದುಕೊಂಡು ಹೋದ ಗುರುತು. ಅದನ್ನು ನೋಡುತ್ತಲೇ ಹೇಳಿಬಿಟ್ಟೆ. ಅಕ್ಕಾ, ನಾ ಪೂರಾ ನಡದಿಲ್ಲ. ಟೆಂಪೋದಾಗ ಹೋದೆ. ಎರಡ ದಿನಾ.

ರೊಟ್ಟಿಯ ಸಪ್ಪಳ ನಿಂತಿತು. ಇಚಲಕರಂಜಿಯಲ್ಲಿ ಮಗ್ಗ ನಿಂತ ಹಾಗೆ ಆಯಿತು. ಅಳುವ ಕೂಸು ನಾನೇ.

"ಯಾಕ? ಆರಾಮ ಇರಲಿಲ್ಲೇನ?"

"ಇತ್ತು."

"ಕಾಲ ನೂಸಿದ್ವೇನ?"

"ಇಲ್ಲ. ಸುಮ್ನ. ಬ್ಯಾಸರಾತು."

ಜ್ವರ ಎಂದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಆ ಸುಳ್ಳನ್ನೂ ಹೇಳುವುದು ನನ್ನಿಂದಾಗಲಿಲ್ಲ. ಅಕ್ಕ ಹಿಟ್ಟಿನ ಕೈಗಳನ್ನು ನೋಡುತ್ತ ಕೂತಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂತು. ನಾನೇ ಎದ್ದು ತೆಗೆದೆ.

"ಆ ನೀರ ಕುಡದೇನಲ್ಲೋ ನಾ!" ಎಂದಳು. "ಟೆಂಪೋದಾಗ ಮಲಗಿ ಬಂದ ಕಾಲಿನ ನೀರ! ಊರ ಮಂದಿನ್ನೆಲ್ಲಾ ಕರದ ತೋರಿಸಿದೆ. ನಮ್ಮ ಓಣಿ ಗಂಗವ್ವ ನಿನ್ನ ಜೋಡೀನ ಹೋಗಿ ಕೀವ ತುಂಬಿದ ಕಾಲಾಗ ಪೂರಾ ನಡದ ಬಂದಿದ್ಲು, ಆಕಿಗೆ ನಾ ಅಂದೆ, ನಿನ್ನ ಭಕ್ತಿ ಕಡಿಮಿ ಆತೇನ ನೋಡ, ನನ್ನ ತಮ್ಮನ ಕಾಲ ನೋಡ ಅಂತ. ಆಕಿ ಹೋಗಿ ಒಳಗ ಕೂತ್ಲು."

ಇದು ನನಗೆ ಗೊತ್ತಿರಲಿಲ್ಲ. ನನ್ನ ಮುಗುಳ್ನಗೆ ಅಷ್ಟು ದೂರ ನಡೆದಿತ್ತು, ನನಗಿಂತ ಜಾಸ್ತಿ.

ಕಣ್ಣೊರೆಸಿಕೊಂಡಳು. ಹಿಟ್ಟು ಕೆನ್ನೆಗೆ ಹತ್ತಿತು. ನಾನು ನಾಳೆ ಹೋಗುವುದಿಲ್ಲ, ಬೇರೆ ಯಾರನ್ನಾದರೂ ಕಳಿಸು ಎಂದೆ. ಅವಳು ಮತ್ತೊಂದು ಉಂಡೆ ತೆಗೆದುಕೊಂಡು ಬಡಿಯಲು ಶುರು ಮಾಡಿದಳು. ಅರ್ಧ ರೊಟ್ಟಿಯಾದ ಮೇಲೆ ಕೇಳಿದಳು:

"ಎಲ್ಲಿಂದ ಎಲ್ಲಿತನಾ?"

"ಹುನಗುಂದದಿಂದ. ಲಿಂಗಸೂಗೂರತನಾ."

"ಬರೋಬ್ಬರಿ ಹೇಳು. ಮತ್ತೆಲ್ಲಿ ಹತ್ತೀದಿ?"

"ಮತ್ತೆಲ್ಲೂ ಇಲ್ಲಕ್ಕಾ. ಮಲ್ಲಯ್ಯನಾಣಿ."

"ನಿನ್ನ ಆಣಿ ಕೇಳಿ ಆತಗ ಸಾಕಾಗೇತಿ, ಬಿಡು." ರೊಟ್ಟಿ ಹೆಂಚಿಗೆ ಹಾಕಿದಳು. "ಕೇಳು. ನಾಳೆ ಹೋಗೂವಾಗ ಪೂರಾ ಹಾದಿ ನಡೀತಿ. ಅದು ನಂದು. ಬರೂವಾಗ ಎಲ್ಲಾರೂ ಬಸ್ಸಿನ್ಯಾಗ ಬರ್ತಾರ. ನೀ ಲಿಂಗಸೂಗೂರಾಗ ಇಳಿ. ಹುನಗುಂದತನಾ ನಡಕೊಂತ ಬಾ. ಅದು ನಿಂದು. ಅಲ್ಲಿಂದ ಬೇಕಾದ್ರ ವಿಮಾನದಾಗ ಬಾ, ನಾ ಕೇಳಂಗಿಲ್ಲ."

"ಒಬ್ಬನ?"

"ಟೆಂಪೋದಾಗ ಮಲಗೂವಾಗ ಯಾರ ಇದ್ರು ಜೋಡಿ?"

ಹನ್ನೊಂದು ವರ್ಷ ಎದೆಯ ಮೇಲೆ ಕೂತದ್ದಕ್ಕೆ ಅವಳು ಅರ್ಧ ರೊಟ್ಟಿಯ ಹೊತ್ತಿನಲ್ಲಿ ದಾರಿ ಹುಡುಕಿದ್ದಳು. ಏಳನೆಯ ಇಯತ್ತೆಗೂ ನಾಲ್ಕನೆಯ ಇಯತ್ತೆಗೂ ವ್ಯತ್ಯಾಸ ಇದ್ದೇ ಇರುತ್ತದೆ.

"ಗಂಗವ್ವಗ ನಾ ಹೋಗಿ ಹೇಳಲಿ?" ಎಂದೆ.

"ಅದು ನಾ ಹೇಳಬೇಕಾದ ಮಾತ. ನಾ ಹೇಳ್ತೇನಿ." ರೊಟ್ಟಿ ಹೊರಳಿಸಿ, "ನೀ ಬಂದ ಮ್ಯಾಲ ಹೇಳ್ತೇನಿ. ನೀ ಬಿಟ್ಟದ್ದು, ಈಗ ನಡದದ್ದು, ಎರಡೂ ಕೂಡಿಸಿ" ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿ ದನಿ ಬದಲಿಸಿದಳು. "ಈಗ ಎದ್ದು ಆ ಚಪ್ಪಲ ಹಾಕ್ಕೊಂಡ ಅಂಗಳದಾಗ ಹತ್ತ ಸುತ್ತ ಹಾಕು. ಎಲ್ಲೆ ಕಚ್ಚತೈತಿ ನೋಡು. ನಾ ಇಲ್ಲೇ ಕುಂತ ಸಪ್ಪಳಾ ಕೇಳ್ತೇನಿ. ನಿಲ್ಲಬ್ಯಾಡ."

ಕಾಲಿಟ್ಟೆ. ಹಿಮ್ಮಡಿಯ ಹತ್ತಿರ ತೊಗಲು ಗುಳಿ ಬಿದ್ದಿತ್ತು, ಅಕ್ಕನ ಹಿಮ್ಮಡಿಯ ಗುಳಿ. ಅದರೊಳಗೆ ನನ್ನದು ಸರಿಯಾಗಿ ಕೂತಿತು. ಕತ್ತಲಾಗುವ ಮುಂಚಿನ ಆ ಬೆಳಕಿನಲ್ಲಿ ಗೋಡೆಯ ಒರೆಸಿದ ಸುಣ್ಣದ ಪಕ್ಕ ಪಕ್ಕದಲ್ಲೇ ಸುತ್ತು ಹಾಕಿದೆ. ಕರ್ ಕರ್ ಕರ್. ಆರನೆಯ ಸುತ್ತಿನಲ್ಲಿ ಮೂಗು ಒರೆಸಿಕೊಳ್ಳಲು ನಿಂತೆ. ಒಳಗಿನಿಂದ ಕೂಗು ಬಂತು: "ಟೆಂಪೋ ಬಂತೇನ?"

ಮೆಣಸಿನಕಾಯಿಯ ಘಾಟು ಎಂದು ಹೇಳಿ ನಡೆದೆ. ಘಾಟೂ ಇತ್ತು.

ಹೊರಡುವ ಮುಂಜಾನೆ ಅಕ್ಕ ಮಠದವರೆಗೆ ರಿಕ್ಷಾದಲ್ಲಿ ಬಂದಳು. ಎಲ್ಲರ ಹಣೆಗೂ ವಿಭೂತಿ ಹಚ್ಚಿದಳು, ನನಗೂ. ನನ್ನ ಕಾಲು ಮಾತ್ರ ನೋಡಲಿಲ್ಲ.

ಇದನ್ನು ನಾನು ಬರೆಯುತ್ತಿರುವುದು ಲಿಂಗಸೂಗೂರಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು. ಯುಗಾದಿ ಮುಗಿಯಿತು. ಅಕ್ಕನ ಹಾದಿಯನ್ನು ಪೂರಾ ನಡೆದೆ. ಎಡಗಾಲಿನಲ್ಲಿ ಎರಡು ಬೊಕ್ಕೆ ಎದ್ದಿವೆ, ಅವುಗಳ ಮೇಲೆ ನನಗೆ ಬಹಳ ಪ್ರೀತಿ. ಬಸ್ಸು ಇಲ್ಲಿ ಚಹಾಕ್ಕೆ ನಿಂತಾಗ ಚೀಲ ತೆಗೆದುಕೊಂಡು ಇಳಿದೆ. ಈರಪ್ಪಜ್ಜ ಕಿಟಕಿಯಿಂದ ತಲೆ ಹಾಕಿದರು.

"ಏ ಬಸು, ಚೀಲ ಯಾಕ ತಗೊಂಡಿ? ಊರ ಇನ್ನಾ ಎಲ್ಲೆ ಐತಿ?"

"ಇಲ್ಲೆ ನಂದೊಂದ ಸಾಮಾನ ಉಳದಿತ್ರಿ ಅಜ್ಜಾರ. ತಗೊಂಡ ಬರ್ತೇನಿ."

"ಈಗ ಹೋಗೂವಾಗ ಬಿಟ್ಟಿದ್ದೇನ?"

"ಅಲ್ರಿ. ಹನ್ನೊಂದ ವರ್ಷದ ಹಿಂದ. ಟೆಂಪೋದಾಗ ಮಲಗಿ ಈ ಹಾದಿ ದಾಟಿದ್ದೆ ನೋಡ್ರಿ, ಆವಾಗ."

ಬಸ್ಸಿನಲ್ಲಿ ಎಲ್ಲರಿಗೂ ಕೇಳಿಸಿತು. ಅಜ್ಜ ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. ಕಿಟಕಿಯಿಂದ ತಮ್ಮ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟರು. ಬಸ್ಸು ಹೊರಟಿತು.

ಬಿಸಿಲು ಈಗ ಇಳಿದಿದೆ. ಅಕ್ಕನಿಗೆ ಫೋನು ಮಾಡಿ ಇಳಿದೆ ಎಂದು ಹೇಳಿದೆ. ಮಾತಾಡಲು ಅವಳಿಗೆ ಪುರಸೊತ್ತು ಇರಲಿಲ್ಲ. ಹಿತ್ತಾಳೆಯ ತಟ್ಟೆ ಹುಳಿ ಹಚ್ಚಿ ತಿಕ್ಕುತ್ತಿದ್ದಳಂತೆ.